ಗಣಕದಲ್ಲಿ ವಸ್ತುಗಳ ಸಾಲು

ಕಲಾ ವಿಭಾಗದವರಿಗೆ ಗಣಕಯಂತ್ರದ ಗೊಡವೆ ಏಕೆಂದು ಕೆಲವು ಮಿತ್ರರು ಕೇಳುವುದುಂಟು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವರಲ್ಲಿ ನಾನೇ ಮೊದಲಿಗನು. ಯಾವ ವಿದ್ಯೆಯನ್ನೇ ಆಗಲಿ, ನಮ್ಮಂಥವರಿಗಲ್ಲವೆಂದು ದೂರವಿಡುವುದು ನನಗೆ ಸರಿಯೆನಿಸದು. ಆದುದರಿಂದ ಆ ಶಾಸ್ತ್ರದ ಒಂದು ಸಣ್ಣ ವಿಷಯವನ್ನು ತಿಳಿಗನ್ನಡದಲ್ಲಿ ವಿವರಿಸಲು ಯತ್ನಿಸುತ್ತೇನೆ.

ಗಣಕಕ್ಕೆ ಆದೇಶಗಳನ್ನು ಬರೆಯುವ ಒಂದು ಪದ್ಧತಿಯಲ್ಲಿ, ವಸ್ತುವೊಂದರ ವಿವರಗಳನ್ನೂ ಅದು ಮಾಡುವ ಕೆಲಸಗಳನ್ನೂ ಒಟ್ಟಿಗೆ ಕಟ್ಟಿಡುತ್ತಾರೆ. ಆ ಕಟ್ಟಿಗೆ 'ಆಬ್ಜೆಕ್ಟ್' ಎಂದು ಹೆಸರು. 1960ರ ದಶಕದಲ್ಲಿ ನಾರ್ವೆ ದೇಶದಲ್ಲಿ ರಚಿತವಾದ ಸಿಮ್ಯುಲಾ ಭಾಷೆಯಲ್ಲಿ ಈ ಪದ್ಧತಿ ಮೊಳೆಯಿತು. 1995ರಲ್ಲಿ ಹೊರಬಂದ ಜಾವಾ ಭಾಷೆಯೂ ಇದನ್ನೇ ಅನುಸರಿಸುತ್ತದೆ.

60 ವಿದ್ಯಾರ್ಥಿಗಳ ತರಗತಿಯೊಂದನ್ನು ಜಾವಾದಲ್ಲಿ ಬರೆಯಬೇಕೆನ್ನೋಣ. ಹೆಸರು, ಅಂಕಗಳುಳ್ಳ ಪ್ರತಿ ವಿದ್ಯಾರ್ಥಿಯೂ ಒಂದು ಆಬ್ಜೆಕ್ಟ್. 60 ಸ್ಥಾನಗಳ ಸಾಲನ್ನು, ಅಂದರೆ 'ಅರೇ'ಯನ್ನು, ಸಿದ್ಧಮಾಡೆಂದು ಆಜ್ಞಾಪಿಸಿದೊಡನೆ 60 ಮಂದಿಯೂ ಸಿದ್ಧರಾದರೆಂದು ಎಣಿಸುವುದು ಸಹಜ. ಆದರೆ ಅಲ್ಲಿ ಒಬ್ಬನೂ ಇಲ್ಲ! ಗೆರೆಯೆಳೆದು, ಕ್ರಮಾಂಕ ಹಾಕಿ, ಹೆಸರು ಬರೆಯದೆ ಬಿಟ್ಟ ಹಾಜರಿ ಪುಸ್ತಕದಂತೆ ಅದು. ಪ್ರತಿ ಸ್ಥಾನದಲ್ಲಿಯೂ 'ನಲ್', ಎಂದರೆ 'ಯಾವುದೂ ಇಲ್ಲ' ಎಂಬ ಗುರುತು ಮಾತ್ರ ಇರುತ್ತದೆ. ಬರಿಯ ಸಂಖ್ಯೆಗಳ ಸಾಲಾಗಿದ್ದರೆ ಎಲ್ಲೆಡೆ ಸೊನ್ನೆ ತಾನಾಗಿಯೇ ತುಂಬಿರುತ್ತಿತ್ತು. ಭ್ರಮೆಗೆ ಇದೂ ಒಂದು ಕಾರಣ. ಬರಿದಾದ ಸ್ಥಾನವನ್ನು 'ನಿನ್ನ ಅಂಕವೆಷ್ಟು?' ಎಂದು ಕೇಳಿದರೆ, ಮುಂಜಾಗ್ರತೆ ವಹಿಸದಿದ್ದಲ್ಲಿ ಪ್ರೋಗ್ರಾಮು ಅಲ್ಲಿಯೇ ನಿಂತುಹೋಗುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಜಾವಾದಲ್ಲಿ ಎಣಿಕೆ ಸೊನ್ನೆಯಿಂದ ಆರಂಭ. 0ಯಿಂದ 59ರವರೆಗೆ ಒಂದೊಂದು ಸ್ಥಾನಕ್ಕೂ ಹೋಗಿ, ಒಬ್ಬೊಬ್ಬ ವಿದ್ಯಾರ್ಥಿಯನ್ನೂ ಬೇರೆಬೇರೆಯಾಗಿ ರಚಿಸಿ ಇರಿಸಬೇಕು. ಶ್ರಮ ಉಳಿಯಲೆಂದು ಒಬ್ಬನನ್ನೇ ರಚಿಸಿ 60 ಸ್ಥಾನಗಳಲ್ಲಿಯೂ ಅವನನ್ನೇ ಸೂಚಿಸಿದರೆ, ಒಂದು ಕಡೆ ಅಂಕ ತಿದ್ದಿದಾಗ ಎಲ್ಲ ಕಡೆಯೂ ಅದೇ ಅಂಕ ಕಾಣುವುದು!

ಸಿ ಪ್ಲಸ್ ಪ್ಲಸ್ ಭಾಷೆಯ ರೀತಿ ಬೇರೆ. ಅಲ್ಲಿ ಆಬ್ಜೆಕ್ಟುಗಳ ಸಾಲನ್ನು ಹೇಳಿದೊಡನೆ ಅವೂ ರಚಿತವಾಗುತ್ತವೆ. ಆದರೆ ಯಾವ ವಿವರವನ್ನೂ ಕೊಡದಿದ್ದಾಗ ಹೇಗೆ ರಚಿಸಬೇಕೆಂಬುದು ಮೊದಲೇ ಗೊತ್ತಾಗಿರಬೇಕು.

'ನಲ್' ಎಂಬ ಈ ಕಲ್ಪನೆಯನ್ನು 1965ರಲ್ಲಿ ತಂದವರು ಇಂಗ್ಲೆಂಡಿನ ಟೋನಿ ಹೋರ್. ಅದು ನೂರು ಕೋಟಿ ಡಾಲರುಗಳ ತಪ್ಪೆಂದು 2009ರಲ್ಲಿ ಅವರೇ ಹೇಳಿದರು.

ಇಂದು ಪ್ರವೇಶ, ವಿದ್ಯಾರ್ಥಿವೇತನ, ಫಲಿತಾಂಶ ಎಲ್ಲವೂ ಗಣಕದ ಪಟ್ಟಿಗಳ ಮೂಲಕವೇ ಸಾಗುತ್ತವೆ. ಪಟ್ಟಿಯಲ್ಲಿ ಸ್ಥಾನವಿದ್ದ ಮಾತ್ರಕ್ಕೆ ಅಲ್ಲಿ ಬಡ ಹುಡುಗನ ವಿವರವೂ ಇದೆಯೆನ್ನಲಾಗದು. ಸ್ಥಾನ ಕಾದಿರಿಸುವುದು ಬೇರೆ, ಅದನ್ನು ತುಂಬುವುದು ಬೇರೆ. ಈ ಭೇದವನ್ನು ಬಲ್ಲವರು ನಮ್ಮ ನಡುವಿನಿಂದಲೂ ಬರಲೆಂಬುದೇ ನನ್ನ ಆಶಯ.