ಹಗಲಿನ ಬಿಸಿಲು, ಇರುಳಿನ ಮೀನು

ಕರಾವಳಿಯವರಿಗೆ ಕೆರೆಕೊಳಗಳ ನಂಟು ಹಳೆಯದು. ಉಡುಪಿಯ ಕೃಷ್ಣಮಠದಲ್ಲಿ ಮಧ್ವಸರೋವರವಿದೆ. ಕಾರ್ಕಳದಲ್ಲಿ ನಡುವೆ ಬಸದಿಯನ್ನಿರಿಸಿಕೊಂಡ ಆನೆಕೆರೆಯಿದೆ. ಹಳ್ಳಿಯ ಮನೆಗಳಿಗಂತೂ ತೋಟದ ಕೆರೆ, ಗದ್ದೆಯ ಮದಗ ಇದ್ದೇ ಇದ್ದವು. ಈಗ ಪೇಟೆಯ ಮನೆಯ ಅಂಗಳದಲ್ಲಿಯೂ ಒಂದು ಪುಟ್ಟ ಕೊಳವನ್ನು ಕಟ್ಟಿ, ಎರಡು ತಾವರೆ, ನಾಲ್ಕು ಬಣ್ಣದ ಮೀನು ಬಿಡುವ ಆಸೆ ಅನೇಕರಿಗೆ. ಆಸೆ ಒಳ್ಳೆಯದೇ. ಆದರೆ ಕೆರೆ ತನ್ನನ್ನು ತಾನೇ ನೋಡಿಕೊಳ್ಳುತ್ತದೆ; ಕೊಳವನ್ನು ನಾವು ನೋಡಿಕೊಳ್ಳಬೇಕು.

ಕಾರಣ ಸರಳ. ದೊಡ್ಡ ಕೆರೆಯಲ್ಲಿ ನೀರು ಹೆಚ್ಚು, ಮೀನು ವಿರಳ. ಪುಟ್ಟ ಕೊಳದಲ್ಲಿ ಮೀನಿನ ಮಲವೂ ಮಕ್ಕಳು ಅಕ್ಕರೆಯಿಂದ ಎಸೆದ ತಿಂಡಿಯೂ ಕೊಳೆತು ಅಮೋನಿಯಾ ಎಂಬ ವಿಷವಾಗುತ್ತವೆ. ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಗಿಡಗಳಿಗೆ ಗೊಬ್ಬರವಾಗುವ ನೈಟ್ರೇಟ್ ಆಗಿ ಮಾರ್ಪಡಿಸುವವು ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳು. ಶೋಧಕವೆಂದರೆ ಕೇವಲ ಕಸ ಸೋಸುವ ಜರಡಿಯಲ್ಲ. ಜಲ್ಲಿ, ಒಡೆದ ಇಟ್ಟಿಗೆಗಳ ಮೈಯಲ್ಲಿ ಈ ಜೀವಿಗಳು ನೆಲೆಸುವ ಮನೆ. ಅದರ ಮೂಲಕ ನೀರು ಹರಿಯುತ್ತಿರಬೇಕು. ಹರಿಸಲು ಪಂಪು ಬೇಕು. ತೊಳೆಯುವಾಗಲೂ ಕ್ಲೋರಿನ್ ಬೆರೆತ ನಲ್ಲಿನೀರನ್ನು ಬಿಟ್ಟು, ಕೊಳದ ನೀರನ್ನೇ ಬಳಸುವುದು ಲೇಸು.

ಈ ಪಂಪನ್ನು ಬಿಸಿಲಿನಿಂದ ಓಡಿಸಬಾರದೆ? ಖಂಡಿತ ಓಡಿಸಬಹುದು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ತೋರಿಸಿದ ಸಿಲಿಕಾನ್ ಕೋಶ ಬಿಸಿಲಿನ ಶೇಕಡ 6ರಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು; ಇಂದಿನ ಫಲಕಗಳು ಸುಮಾರು 20ರಷ್ಟನ್ನು ಆಗಿಸುತ್ತವೆ. ನಮ್ಮ ನಾಡಿಗೂ ಈ ವಿದ್ಯೆ ಹೊಸದಲ್ಲ. 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿ ಬಡವರ ಮನೆಗಳಿಗೆ ಸೌರದೀಪ ಒಯ್ದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಸಂಕಟವಿರುವುದು ರಾತ್ರಿಯಲ್ಲಿ

ಫಲಕಕ್ಕೆ ನೇರವಾಗಿ ಪಂಪನ್ನು ಜೋಡಿಸಿದರೆ ಬಿಸಿಲಿರುವಾಗ ನೀರು ಚಿಮ್ಮುತ್ತದೆ, ನೋಡಲು ಸೊಗಸು. ಸಂಜೆಯಾದೊಡನೆ ಅದು ನಿಲ್ಲುತ್ತದೆ. ಮೀನಿಗೆ ಕಷ್ಟ ಮೊದಲಾಗುವುದೂ ಆಗಲೇ. ಹಗಲು ಆಮ್ಲಜನಕವನ್ನು ಬಿಡುವ ಪಾಚಿ, ಗಿಡಗಳು ಕತ್ತಲಾದ ಮೇಲೆ ಅದನ್ನು ತಾವೇ ಉಸಿರಾಡುತ್ತವೆ. ನಮ್ಮ ಸೆಕೆನಾಡಿನ ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ನಿಲ್ಲುವುದೂ ಕಡಿಮೆ. ಹೀಗೆ ಬೆಳಗಿನ ಜಾವಕ್ಕೆ ನೀರು ತೀರ ಬಡವಾಗುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಸೂರ್ಯ ಕೊಡುವ ಹೊತ್ತು ಒಂದು, ಕೊಳ ಬೇಡುವ ಹೊತ್ತು ಇನ್ನೊಂದು. ಈ ವಿಷಯದ ತಿರುಳೆಲ್ಲ ಇಷ್ಟೇ.

ಎರಡಕ್ಕೂ ಸೇತುವೆ ಬ್ಯಾಟರಿ. ಉಡುಪಿಯವರಿಗೆ ಇದನ್ನು ವಿವರಿಸುವುದು ಸುಲಭ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿಯೇ ಪಿಗ್ಮಿ ಠೇವಣಿಯನ್ನು ತಂದು, ದಿನದ ಪುಡಿಗಾಸನ್ನು ಕೂಡಿಡಲು ಕಲಿಸಿತ್ತಲ್ಲವೆ? ಬ್ಯಾಟರಿ ಬಿಸಿಲಿನ ಪಿಗ್ಮಿ.

ಸ್ವಲ್ಪ ಲೆಕ್ಕ ಮಾಡೋಣ. 6 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಆಳದ ಕೊಳದಲ್ಲಿ ಸುಮಾರು 1,360 ಲೀಟರ್ ನೀರು. ಎರಡು ಗಂಟೆಗೊಮ್ಮೆ ಅಷ್ಟೂ ನೀರು ಶೋಧಕವನ್ನು ಹಾಯಬೇಕಾದರೆ ಗಂಟೆಗೆ 680 ಲೀಟರ್ ಸಾಗಿಸುವ ಪಂಪು ಬೇಕು. ಎತ್ತರ ಹೆಚ್ಚಿಲ್ಲದಿದ್ದರೆ 15 ವಾಟಿನದು ಸಾಕು. ದಿನಪೂರ್ತಿ ಓಡಿದರೆ 360 ವಾಟ್-ಗಂಟೆ ಖರ್ಚು. ಬೇಸಗೆಯಲ್ಲಿ 100 ವಾಟಿನ ಫಲಕ ಹೆಚ್ಚುಕಡಿಮೆ ಇಷ್ಟನ್ನು ದುಡಿಯುತ್ತದೆ. ಬಿಸಿಲಿಲ್ಲದ 15 ಗಂಟೆಗಳಿಗೆ 225 ವಾಟ್-ಗಂಟೆ ಬೇಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದಾದ್ದರಿಂದ 12 ವೋಲ್ಟಿನ, 40 ಆಂಪಿಯರ್-ಗಂಟೆಯ ಬ್ಯಾಟರಿ ಒಂದು ರಾತ್ರಿಗೆ ಸರಿಹೋಗುತ್ತದೆ.

ಆಟಿಯ ಪರೀಕ್ಷೆ

ಬೇಸಗೆಯ ಲೆಕ್ಕ ನಂಬಿದವರನ್ನು ಆಟಿ ತಿಂಗಳು ಪರೀಕ್ಷಿಸುತ್ತದೆ. ಮೋಡ ಕವಿದ ದಿನ ಫಲಕದ ದುಡಿಮೆ ಕಾಲುಭಾಗಕ್ಕೂ ಇಳಿಯಬಹುದು. ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಊರಿನ ವಿದ್ಯುತ್ತು ಹೋಗುವುದೂ ಆಗಲೇ. ಆದುದರಿಂದ ಫಲಕವನ್ನೂ ಬ್ಯಾಟರಿಯನ್ನೂ ಎರಡರಷ್ಟು ಇರಿಸಿಕೊಳ್ಳುವುದು ಜಾಣತನ. ಮಳೆಗಾಲದಲ್ಲಿ ಪಂಪನ್ನು ಪೂರ್ತಿ ನಿಲ್ಲಿಸದೆ ವೇಗವನ್ನು ತಗ್ಗಿಸಬೇಕು. ಅರ್ಧ ವೇಗದಲ್ಲಿ ಅದು ಉಣ್ಣುವ ವಿದ್ಯುತ್ತು ಅರ್ಧಕ್ಕಿಂತ ಬಹಳ ಕಡಿಮೆ. ಮೀನಿಗೆ ತಿಂಡಿಯನ್ನೂ ಕಡಿಮೆ ಮಾಡಬೇಕು. ಕೊಳ ತುಂಬಿ ಹೊರಚೆಲ್ಲುವ ತೂಬಿಗೆ ಬಲೆ ಕಟ್ಟದಿದ್ದರೆ ಒಂದೇ ಮಳೆಗೆ ಮೀನು ಚರಂಡಿ ಸೇರೀತು!

ಫಲಕವನ್ನು ಇಡುವ ಜಾಗವೂ ಮುಖ್ಯ. ನಮ್ಮ ಊರುಗಳು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ, ದಕ್ಷಿಣಕ್ಕೆ ಮುಖಮಾಡಿ ಅಷ್ಟೇ ಓರೆಯಾಗಿಡಬೇಕು. ಮಳೆನೀರು ಧೂಳನ್ನೂ ತೊಳೆಯುತ್ತದೆ. ಕೋಶಗಳು ಸರಪಳಿಯಂತೆ ಜೋಡಣೆಯಾಗಿರುವುದರಿಂದ ತೆಂಗಿನ ಒಂದು ಗರಿಯ ನೆರಳೂ ಬಹಳಷ್ಟು ವಿದ್ಯುತ್ತನ್ನು ನುಂಗುತ್ತದೆ. ಕಾಪುವಿನಂತಹ ಕಡಲ ಬದಿಯಲ್ಲಿ ಉಪ್ಪುಗಾಳಿ ಕಬ್ಬಿಣವನ್ನು ತಿನ್ನುವುದು ಎಲ್ಲರಿಗೂ ಗೊತ್ತು; ಚೌಕಟ್ಟು ಅಲ್ಯೂಮಿನಿಯಮಿನದಾಗಿರಲಿ, ಬೋಲ್ಟುಗಳು ತುಕ್ಕು ಹಿಡಿಯದ ಉಕ್ಕಿನವಾಗಿರಲಿ.

ಇಷ್ಟೆಲ್ಲ ಮಾಡಿದರೂ ಉಳಿಯುವ ಮಾತೊಂದಿದೆ. ಮೀನು ಹೆಚ್ಚಿದಷ್ಟೂ ಯಂತ್ರ ದೊಡ್ಡದಾಗಬೇಕು. ಕೊಳ ಅಗಲವಾಗಿ, ಗಿಡ ಸಾಕಷ್ಟಿದ್ದು, ಮೀನು ಮಿತವಾಗಿದ್ದರೆ ಚಿಕ್ಕ ಫಲಕವೇ ಸಾಕಾದೀತು. ಕೊಂಡುಕೊಳ್ಳುವ ಮೊದಲು ಅಂಗಡಿಯವನನ್ನು “ನಡುಮಧ್ಯಾಹ್ನ ಎಷ್ಟು ಎತ್ತರಕ್ಕೆ ಚಿಮ್ಮುತ್ತದೆ?” ಎಂದು ಕೇಳಬೇಡಿ, “ಆಟಿಯ ಅಮಾವಾಸ್ಯೆಯ ರಾತ್ರಿ ಮೂರು ಗಂಟೆಗೆ ಓಡುತ್ತದೆಯೆ?” ಎಂದು ಕೇಳಿ. ಅಂಗಳದ ಮೀನುಗಳ ಬದುಕು ಆ ಉತ್ತರದ ಮೇಲೆ ನಿಂತಿದೆ.