ಹಲ್ಲು ಕಿತ್ತರೂ ತಪ್ಪದ ಉರಿ

ಗುತ್ತಲ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಹಲ್ಲುಜ್ಜುವಾಗ ರಕ್ತ ಬಂದಿತೆಂದು ದವಾಖಾನೆಗೆ ಹೋಗುವವರು ಕಡಿಮೆ. ‘ಉಷ್ಣ ಆಗೇತಿ’ ಎಂದು ಮಜ್ಜಿಗೆ ಕುಡಿಯುತ್ತಾರೆ. ಕೆಲವರು ಖಾರವನ್ನು ದೂರುತ್ತಾರೆ. ಪಾಪ, ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ.

ಒಸಡಿನ ರೋಗ ಹೊಸದೇನಲ್ಲ. ಸುಶ್ರುತ ಸಂಹಿತೆ ಹಲ್ಲಿನ ಬುಡದ ಕಾಯಿಲೆಗಳನ್ನೇ 15 ಎಂದು ಎಣಿಸಿದೆ. ಅವುಗಳಲ್ಲೊಂದಾದ ‘ಉಪಕುಶ’ದ ಲಕ್ಷಣಗಳೆಂದರೆ ಉರಿ, ರಕ್ತ, ದುರ್ವಾಸನೆ, ಅಲುಗುವ ಹಲ್ಲು. ನಮ್ಮ ಹಿರಿಯರು ‘ಪಯೋರಿಯಾ’ ಎನ್ನುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ.

ಬಾಯಿಯ ಕೊಳೆ ಇಡೀ ಮೈಯನ್ನು ಕೆಡಿಸುತ್ತದೆ ಎಂಬ ವಾದಕ್ಕೆ ಬಿರುಸು ಬಂದದ್ದು 1910ರಲ್ಲಿ, ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಮಾಂಟ್ರಿಯಲ್‌ನಲ್ಲಿ ಮಾಡಿದ ಭಾಷಣದಿಂದ. ಆಮೇಲೆ ನಡೆದದ್ದು ಅತಿರೇಕ. ಕೀಲುನೋವೆಂದು ಬಂದವರ ಹಲ್ಲುಗಳನ್ನೂ ಅಮೆರಿಕದ ವೈದ್ಯರು ಸಾಲಾಗಿ ಕಿತ್ತರು. ಹಲ್ಲು ಹೋಯಿತು, ನೋವು ಉಳಿಯಿತು. ವಾದ ಮೂಲೆ ಸೇರಿತು. ಅದರ ಜೊತೆಗೆ ಅದರೊಳಗಿದ್ದ ನಿಜವೂ.

ಆ ನಿಜಕ್ಕೆ ಮತ್ತೆ ದಾರಿಯಾದದ್ದು ತೀರಾ ಸರಳವಾದ ಒಂದು ಪ್ರಯೋಗ. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹೆರಾಲ್ಡ್ ಲ್ಯೋ ಎಂಬ ದಂತ ವಿಜ್ಞಾನಿ, ಒಸಡು ಚೆನ್ನಾಗಿದ್ದ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದ. 10ರಿಂದ 21 ದಿನದೊಳಗೆ ಎಲ್ಲರ ಒಸಡೂ ಊದಿಕೊಂಡಿತು. ಉಜ್ಜಲು ಶುರುಮಾಡಿದ ಮೇಲೆ ಇಳಿಯಿತು. ಉಷ್ಣವಲ್ಲ, ವಯಸ್ಸೂ ಅಲ್ಲ, ಹಲ್ಲಿನ ಬುಡದ ಪಾಚಿಯೇ ಕಾರಣ ಎಂಬುದು ಖಚಿತವಾಯಿತು. ಈ ತಿಳಿವಳಿಕೆ ನಮ್ಮ ಕಡೆ ಬರಲು ಕಾಲ ಹಿಡಿಯಿತು. ದಾವಣಗೆರೆಯ ಬಾಪೂಜಿ ದಂತ ಕಾಲೇಜು ಆರಂಭವಾದದ್ದು 1979ರಲ್ಲಿ, ಧಾರವಾಡದ ಎಸ್‌ಡಿಎಂ 1986ರಲ್ಲಿ.

ಪಾಚಿ ಗಟ್ಟಿಯಾಗಿ ಕಿಟ್ಟವಾಗುತ್ತದೆ, ಒಸಡಿನ ಒಳಗಿಳಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾವನ್ನು ಎದುರಿಸಲು ದೇಹ ರಕ್ಷಣಾ ಕಣಗಳನ್ನು ಕಳಿಸುತ್ತದೆ. ಕಾಳಗ ವರ್ಷಗಟ್ಟಲೆ ಮುಗಿಯದಿದ್ದರೆ ಅದೇ ರಕ್ಷಣೆ ಹಲ್ಲು ಹಿಡಿದ ಮೂಳೆಯನ್ನೂ ಕರಗಿಸುತ್ತದೆ. ಉರಿಯೂತದ ರಾಸಾಯನಿಕಗಳು ರಕ್ತ ಸೇರಿ ಯಕೃತ್ತಿನಿಂದ ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ಉರಿಯೂತದ ಸೂಚಕವನ್ನು ಹೊರಡಿಸುತ್ತವೆ, ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಸಕ್ಕರೆ ಏರಿದರೆ ಒಸಡು ಇನ್ನಷ್ಟು ಹಾಳು. 1993ರಲ್ಲಿ ಇದೇ ಲ್ಯೋ ಒಸಡಿನ ರೋಗವನ್ನು ಮಧುಮೇಹದ ಆರನೆಯ ತೊಡಕೆಂದು ಕರೆದ. ಸಕ್ಕರೆ ಕಾಯಿಲೆಯವರಿಗೆ ಒಸಡಿನ ಚಿಕಿತ್ಸೆ ಕೊಟ್ಟರೆ ಮೂರು-ನಾಲ್ಕು ತಿಂಗಳಲ್ಲಿ ರಕ್ತದ ಸಕ್ಕರೆಯ ಹಿಡಿತ ತೋರಿಸುವ ಎಚ್‌ಬಿಎ1ಸಿ ಸರಾಸರಿ 0.43 ಶೇಕಡಾ ಅಂಶದಷ್ಟು ಇಳಿಯುತ್ತದೆಂದು 2022ರ ಕಾಕ್ರೇನ್ ಪರಾಮರ್ಶೆ ಹೇಳಿತು. ಹೃದಯದ ಮಾತು ಬೇರೆ. ಫಿನ್ಲೆಂಡಿನ ವೈದ್ಯರು 1989ರಲ್ಲೇ ಹಲ್ಲಿಗೂ ಹೃದಯಾಘಾತಕ್ಕೂ ನಂಟು ಕಂಡರು. ಆದರೆ ನಂಟಿದ್ದ ಮಾತ್ರಕ್ಕೆ ಕಾರಣವೆನ್ನಲಾಗದು. ಹಂಟರನ ಕಾಲದ ಅವಸರ ಈಗ ಬೇಡ.

ಇನ್ನು ‘ಕ್ಲೀನ್ ಮಾಡಿಸಿದ್ರ ಹಲ್ಲು ಸಡ್ಲ ಆಗತಾವ’ ಎಂಬ ಭಯ. ಮೂಳೆ ಕರಗಿ ಹಲ್ಲು ಮೊದಲೇ ಸಡಿಲವಾಗಿರುತ್ತದೆ, ಕಿಟ್ಟ ಅದನ್ನು ಅಂಟಿಸಿ ಹಿಡಿದಿರುತ್ತದೆ. ಕಿಟ್ಟ ತೆಗೆದಾಗ ಸಡಿಲ ಕಣ್ಣಿಗೆ ಬೀಳುತ್ತದೆ, ವೈದ್ಯರಿಗೆ ಬೈಗುಳ ಬೀಳುತ್ತದೆ. ಭಯಪಟ್ಟು ಕೂತವರಲ್ಲಿ ಎಷ್ಟೋ ಜನ ಕೊನೆಗೆ ಹಲ್ಲಿನ ಸೆಟ್ ಕೇಳಿಕೊಂಡು ಬರುತ್ತಾರೆ. ಬಡ ಹಿರಿಯರಿಗೆ ಅದನ್ನು ಪುಕ್ಕಟೆ ಕೊಡುವ ‘ದಂತಭಾಗ್ಯ’ವನ್ನು ರಾಜ್ಯ ಸರ್ಕಾರ 2014ರಲ್ಲಿ ತಂದಿತು. ಒಳ್ಳೆಯ ಯೋಜನೆಯೇ, ಸೆಟ್ ಹಾಕಿಸಿಕೊಂಡವರಿಗೆ ರೊಟ್ಟಿ ಅಗಿಯಲು ಬರುತ್ತದೆ, ಕರಗಿದ ಮೂಳೆ ಮಾತ್ರ ವಾಪಸ್ ಬರುವುದಿಲ್ಲ.