ಹೇಮಗಂಗೋತ್ರಿಯ ಓದು, ಹಳೇಬೀಡಿನ ಮನೆ

ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿಯು 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾಗಿ ಕಾರ್ಯಾರಂಭ ಮಾಡಿದ್ದು, ಅಲ್ಲಿ ಓದಲು ಹೊರಡುವ ಹಳೇಬೀಡಿನ ವಿದ್ಯಾರ್ಥಿಗಳು ಸುಮಾರು 30 ಕಿಲೋಮೀಟರ್ ದೂರದ ಹಾಸನದಲ್ಲಿ ಕೊಠಡಿ ಹಿಡಿಯಬೇಕೆ, ಊರಿನಿಂದಲೇ ದಿನವೂ ಓಡಾಡಬೇಕೆ ಎಂಬುದನ್ನು ಮನೆಯವರು ಮೊದಲೇ ಲೆಕ್ಕ ಹಾಕಬೇಕಾಗುತ್ತದೆ.

ಈ ಲೆಕ್ಕದಲ್ಲಿ ತಿಂಗಳ ಬಾಡಿಗೆಯನ್ನಷ್ಟೇ ನೋಡುವುದು ತಪ್ಪು. ಮನೆ ಬಿಡುವಾಗ ಮರಳಿ ಸಿಗಬೇಕಾದ ಮುಂಗಡ, ವಿದ್ಯುತ್ ಮತ್ತು ನೀರಿನ ಶುಲ್ಕ, ಊಟದ ವೆಚ್ಚ, ಕೊಠಡಿಯಿಂದ ತರಗತಿಗೆ ಹೋಗಿಬರುವ ಖರ್ಚು ಇವೆಲ್ಲವೂ ಸೇರಿದಾಗ, ನಗರದ ಹೊರಭಾಗದ ಅಗ್ಗದ ಮನೆಯು ಕಾಲೇಜುಗಳ ನೆರೆಯ ಸಾಲಗಾಮೆ ರಸ್ತೆಯ ಕೊಠಡಿಗಿಂತ ದುಬಾರಿಯಾಗಿಬಿಡಬಹುದು. ದೊಡ್ಡ ಮೊತ್ತವನ್ನು ಒಮ್ಮೆಲೇ ಕೊಟ್ಟು, ಬಾಡಿಗೆಯಿಲ್ಲದೆ ವಾಸಿಸಿ, ಅವಧಿ ಮುಗಿದಾಗ ಹಣ ಹಿಂಪಡೆಯುವ ಭೋಗ್ಯದ ಪದ್ಧತಿಯು ಸಾಮಾನ್ಯ ರೈತ ಕುಟುಂಬಕ್ಕೆ ಎಟುಕುವಂಥದ್ದಲ್ಲ. ಮೂವರು ನಾಲ್ವರು ಸಹಪಾಠಿಗಳು ಒಂದು ಮನೆಯನ್ನು ಹಂಚಿಕೊಳ್ಳುವುದೇ ಹೆಚ್ಚು ಸುರಕ್ಷಿತ, ಆದರೆ ಮುಂಗಡಕ್ಕೆ ರಸೀದಿಯನ್ನೂ ಲಿಖಿತ ಕರಾರನ್ನೂ ಪಡೆಯಲೇಬೇಕು.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ನೀಡಿದ್ದರಿಂದ, ವಿದ್ಯಾರ್ಥಿನಿಯರ ಪಾಲಿಗೆ ಹಳೇಬೀಡಿನ ಮನೆಯೇ ಅತ್ಯಂತ ಅಗ್ಗದ ವಸತಿಯಾಯಿತು. ಆದರೂ ಬಸ್ಸಿಗೆ ಕಾಯುವುದೂ ಸೇರಿ ದಿನಕ್ಕೆ ಎರಡು ಗಂಟೆಗೂ ಮಿಕ್ಕಿ ದಾರಿಯಲ್ಲೇ ಕಳೆದರೆ, ಸಂಜೆಯ ಗ್ರಂಥಾಲಯವು ಕೈತಪ್ಪುತ್ತದೆ; ಈ ನಷ್ಟವನ್ನು ಹಗುರವಾಗಿ ಕಾಣಬಾರದು.

ಆದ್ದರಿಂದ ಖಾಸಗಿ ಕೊಠಡಿ ಹುಡುಕುವ ಮುನ್ನವೇ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಹಾಗೂ ಸಮಾಜ ಕಲ್ಯಾಣ ಇಲಾಖೆಗಳ ವಿದ್ಯಾರ್ಥಿನಿಲಯಗಳಿಗೆ ಅರ್ಜಿ ಹಾಕುವುದು ಲೇಸು. ಅಲ್ಲಿ ಸ್ಥಳ ಸಿಗದ ಅರ್ಹ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗಾಗಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ನೆರವು ನೀಡಲು ರೂಪಿಸಿದ್ದೇ ವಿದ್ಯಾಸಿರಿ ಯೋಜನೆ.